ಕ್ಯಾಬಿನ್ನಿಗೂ ಬಾಡಿಗೂ ನಡುವಿನ ಸಂದು

ನನ್ನ ಮೊಮ್ಮಗಳು ಕೀರ್ತನಾ ಇವತ್ತು ಬೆಳಗ್ಗೆ ಒಂದು ಪಿಕಪ್ ಗಾಡಿಗೆ ಮೇಲೆ ಭಾರ ಹೊರುವ ಅಡ್ಡಬಾರ್ ತಾನೇ ಕೂರಿಸಿದಳು. ಅವಳು ಕೆಲಸ ಮಾಡುವ ಅಂಗಡಿಯವರು ಅದರ ಮೇಲೆ ಮಲಗುವ ಟೆಂಟಿನ ಪೆಟ್ಟಿಗೆ ಏರಿಸಿ, ಹುಣಸಮಾರನಹಳ್ಳಿ ಹಿಂದಿನ ಕಲ್ಲುದಾರಿಯಲ್ಲಿ ಓಡಿಸಿ ನೋಡಿ, ವಾಪಸ್ ತಂದು ನಿಲ್ಲಿಸಿದರು. ಒಂದು ನಟ್ಟೂ ಸಡಿಲವಾಗಿರಲಿಲ್ಲ. ಇದನ್ನು ಮೊದಲು ಹೇಳಿಬಿಡಬೇಕು, ಇಲ್ಲದಿದ್ದರೆ ನನ್ನ ಕೈಲಿ ಮುಂದಿನದು ಬರೆಯಲಾಗುವುದಿಲ್ಲ. ಬಂದಾಗಿನಿಂದ ಬೀದಿಯಲ್ಲಿ ಸಿಕ್ಕವರಿಗೆಲ್ಲ ಹೇಳಿದ್ದೇನೆ. ಇಸ್ತ್ರಿ ಅಂಗಡಿಯವನಿಗೆ ಹೇಳಿದೆ. ಮನೆ ಮುಂದೆ ಪೈಪಿಗೆಂದು ನೆಲ ಅಗೆಯುತ್ತಿದ್ದವರಿಗೂ ಹೇಳಿದೆ. ಹಾಗಾದರೆ ಟೀ ಕೊಡಿಸಿ ತಾತ ಅಂದರು, ಕೊಡಿಸಿದೆ.

ಆದರೆ ಒಂದು ಮಾತು ಇನ್ನೂ ಇತ್ಯರ್ಥವಾಗಿಲ್ಲ. ಅವಳ ಅಮ್ಮ, ಅಂದರೆ ನನ್ನ ಸೊಸೆ ಸುಜಾತಾ, ಮಗಳು ಈ ಕೆಲಸಕ್ಕೆ ಹೋಗುವುದನ್ನು ಒಪ್ಪಿದವಳಲ್ಲ. ಕೊನೆಗೆ ಒಂದು ಷರತ್ತು ಹಾಕಿದ್ದಳು. ಒಂದು ಗಾಡಿಯನ್ನು ಮೊದಲಿಂದ ಕೊನೆವರೆಗೆ ನೀನೇ ಮಾಡು, ಆ ಕಲ್ಲುದಾರಿಯಲ್ಲೇ ಓಡಿಸಿ ತೋರಿಸು, ನಾನು ನಿಂತು ನೋಡುತ್ತೇನೆ, ನನ್ನ ಮನಸ್ಸು ಒಪ್ಪದಿದ್ದರೆ ಸೋಮವಾರದಿಂದ ಆ ಅಂಗಡಿ ಕಡೆ ತಲೆ ಹಾಕಕೂಡದು ಎಂದು. ಇವತ್ತು ಬಂದಳು, ನಿಂತಳು, ನೋಡಿದಳು. ಒಂದು ಮಾತೂ ಆಡದೆ ಆಟೋ ಹತ್ತಿ ಮನೆಗೆ ಹೊರಟುಬಿಟ್ಟಳು. ಈಗ ಮಹಡಿ ಮೇಲೆ ಅವಳ ಅಡುಗೆಮನೆಯಲ್ಲಿ ಅವರೆಕಾಳು ಹಿದುಕುತ್ತಾ ಕೂತಿದ್ದಾಳೆ. ಆರು ವರ್ಷದಿಂದ ಅವಳ ಒಲೆ ಬೇರೆ, ನಮ್ಮ ಒಲೆ ಬೇರೆ. ಜಗಳವಾಗಿ ಬೇರೆಯಾದದ್ದಲ್ಲ. ಊಟಕ್ಕೆ ಕೂತಾಗ ನನ್ನ ಬಾಯಲ್ಲಿ ಗಾಡಿಯ ಮಾತು ಬಂದೇ ಬರುತ್ತಿತ್ತು, ಅವಳಿಗೆ ತುತ್ತು ಇಳಿಯುತ್ತಿರಲಿಲ್ಲ.

ಅದು ಯಾಕೆ ಎಂದು ತಿಳಿಯಬೇಕಾದರೆ ನಮ್ಮ ಕೆಲಸ ಎಂಥದ್ದು ಎಂದು ತಿಳಿಯಬೇಕು. ನಾನು ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವನು. ತಪ್ಪಿದ್ದರೆ ತಿದ್ದಿಕೊಂಡು ಓದಿ. ಈ ಕಸುಬಿಗೆ ಹೊಸದಾಗಿ ಬರುವ ಮಕ್ಕಳು ಓದಿದರೆ ಸಾಕು.

ಮೊದಲು ಸೇರಿದ್ದು ಯಶವಂತಪುರದಲ್ಲಿ ಲಾರಿ ಬಾಡಿ ಕಟ್ಟುವ ಯಾರ್ಡಿಗೆ. ಆಗ ಕಂಪನಿಯಿಂದ ಲಾರಿ ಅಂತ ಬರುತ್ತಿದ್ದದ್ದು ಎಂಜಿನ್ನು, ಚಾಸಿ, ಚಕ್ರ ಅಷ್ಟೇ. ಡ್ರೈವರು ಬರೀ ಹಲಗೆ ಮೇಲೆ ಕೂತು, ಮುಖಕ್ಕೆ ಟವೆಲ್ ಸುತ್ತಿಕೊಂಡು, ಬಿಸಿಲಿನಲ್ಲಿ ದೂರದೂರದಿಂದ ಓಡಿಸಿಕೊಂಡು ಬರುತ್ತಿದ್ದ. ಕ್ಯಾಬಿನ್ನು, ಹಿಂದಿನ ಬಾಡಿ, ಕ್ಯಾಬಿನ್ ನೆತ್ತಿಯ ಮೇಲೆ ಸಾಮಾನು ಇಡುವ ಕಟ್ಟು, ಎಲ್ಲವನ್ನೂ ನಾವು ಮರದಲ್ಲಿ ಮಾಡಿ ಒಂದಕ್ಕೊಂದು ಬಿಗಿಯುತ್ತಿದ್ದೆವು. ಅಲ್ಲಿನ ಮೇಸ್ತ್ರಿಗೆ ಎಡಗೈ ಹೆಬ್ಬೆರಳು ಇರಲಿಲ್ಲ. ಗರಗಸದ ಯಂತ್ರ ತಿಂದಿತ್ತು. ಬೈಯುವಾಗ ಆ ಕೈಯನ್ನೇ ಮುಂದೆ ಚಾಚುತ್ತಿದ್ದ. ಅವನ ಒಂದು ಮಾತು ಯಾರ್ಡಿನಲ್ಲಿ ಎಲ್ಲರ ಬಾಯಲ್ಲೂ ಇತ್ತು. ‘ಬಿಡಿ ಕಡ್ಡಿ ಮುರೀತದೆ, ಕಟ್ಟು ಮುರಿಯಕಿಲ್ಲ.’

ಆ ಕಾಲದ ಲಾರಿಗೆ ಅದು ಸರಿಯಾದ ಮಾತು. ಮರ ಬಾಗುತ್ತದೆ, ಕಿರ್ ಅನ್ನುತ್ತದೆ, ಆದರೆ ಬಿಟ್ಟುಕೊಡುವುದಿಲ್ಲ. ಆ ಮಾತನ್ನು ನಮ್ಮೆಲ್ಲರಿಗಿಂತ ಗಟ್ಟಿಯಾಗಿ ಹಿಡಿದುಕೊಂಡವರು ಚಿಕ್ಕಣ್ಣ. ಅವರು ಬ್ಯಾಟರಾಯನಪುರದ ಹಳೇ ಒಕ್ಕಲು ಮನೆಯವರು. ಹೊಲದಲ್ಲಿ ಮನಸ್ಸು ನಿಲ್ಲದೆ ಯಾರ್ಡಿಗೆ ಕೆಲಸ ಕಲಿಯಲು ಬಂದಿದ್ದರು. ಏರ್‌ಪೋರ್ಟ್ ರಸ್ತೆ ಅಗಲವಾದಾಗ ಅವರ ರಾಗಿ ಹೊಲ ಸರ್ವಿಸ್ ರೋಡಿನ ಅಂಚಿಗೆ ಬಂತು. ಉಳಿದ ತುಂಡಿನಲ್ಲಿ ತಗಡಿನ ಶೆಡ್ ಹಾಕಿ, ಕಾರುಗಳ ನೆತ್ತಿಗೆ ಕ್ಯಾರಿಯರ್ ಕೂರಿಸುವ ಕೆಲಸ ಶುರು ಮಾಡಿದರು. ನನ್ನನ್ನು ಕರೆದುಕೊಂಡರು. ಮುಂದೆ ನನ್ನ ಮಗ ಶೇಖರ ದೊಡ್ಡವನಾದ ಮೇಲೆ ಅವನೂ ಅಲ್ಲಿಗೇ ಬಂದ.

ಚಿಕ್ಕಣ್ಣನ ಶೆಡ್ಡಿನಲ್ಲಿ ಒಂದು ಪದ್ಧತಿ ಇತ್ತು. ಬಾರ್ ಬಿಗಿದಾದ ಮೇಲೆ, ಗಿರಾಕಿಯ ಕಣ್ಣೆದುರಿಗೆ ಬಿಗಿದವನೇ ಅದಕ್ಕೆ ಎರಡೂ ಕೈಯಲ್ಲಿ ಜೋತುಬೀಳಬೇಕು. ಕಾಲು ನೆಲ ಬಿಡಬೇಕು. ಗಿರಾಕಿ ತಲೆಯಾಡಿಸಿದ ಮೇಲೆ ಇಳಿಯಬೇಕು. ಆಮೇಲೆ ಚಕ್ರದ ಕೆಳಗೆ ನಿಂಬೆಹಣ್ಣು. ಆ ಪರೀಕ್ಷೆಗೆ ನಮ್ಮ ಕಡೆ ಹೆಸರಿತ್ತು. ಹೆಬ್ಬಾಳ, ಆರ್.ಟಿ. ನಗರದಿಂದೆಲ್ಲ ಗಾಡಿ ಬರುತ್ತಿದ್ದವು. ನನ್ನ ಭುಜ ಈಗ ಚಳಿಗೆ ಹಿಡಿದುಕೊಳ್ಳುವುದು ಅದರ ಫಲವೇ.

ಒಂದು ಸಲ ಆರ್.ಟಿ. ನಗರದಿಂದ ಅಣ್ಣತಮ್ಮಂದಿರಿಬ್ಬರು ಒಂದು ಓಮ್ನಿಯಲ್ಲಿ ಬಂದರು. ಕ್ಯಾರಿಯರ್ ತಕ್ಷಣ ಬೇಕು, ಎಷ್ಟು ಹೊತ್ತಾಗುತ್ತದೆ ಎಂದು ಕೇಳಿದರು. ಚಿಕ್ಕಣ್ಣ ಅಭ್ಯಾಸದಂತೆ, ಅದೇನು ಅಷ್ಟೊಂದು ಅವಸರ, ಮದುವೆ ದಿಬ್ಬಣವೇ ಎಂದು ತಮಾಷೆ ಮಾಡಿದರು. ದೊಡ್ಡವನು ಗಾಡಿಯ ಹಿಂಬಾಗಿಲು ತೆರೆದು ತೋರಿಸಿದ. ಒಳಗೆ ಅವರ ತಾಯಿಯ ಹೆಣ ಇತ್ತು. ಊರಿಗೆ ಒಯ್ಯಬೇಕು, ಹೆಂಗಸರು ಮಕ್ಕಳೂ ಬರಬೇಕು, ಬೇರೆ ಗಾಡಿ ಹೊಂದಿಸುವ ಶಕ್ತಿ ಇಲ್ಲ, ಅಮ್ಮನನ್ನು ಮೇಲೆ ಮಲಗಿಸಬೇಕು. ಚಿಕ್ಕಣ್ಣ ತಲೆ ಮೇಲಿನ ಟವೆಲ್ ತೆಗೆದರು. ಬೇರೆ ಗಾಡಿಗಳನ್ನೆಲ್ಲ ಪಕ್ಕಕ್ಕೆ ಸರಿಸಿ ಆ ಕೆಲಸ ಮಾಡಿದೆವು. ಮುಗಿದ ಮೇಲೆ ನಾನು ರೂಢಿಯಂತೆ ಬಾರಿಗೆ ಕೈ ಎತ್ತಿದೆ. ಚಿಕ್ಕಣ್ಣ ನನ್ನ ಮೊಣಕೈ ಹಿಡಿದು ಕೆಳಗಿಳಿಸಿದರು.

‘ಇದಕ್ಕೆ ಜೋತುಬೀಳಬ್ಯಾಡ ಕಣ್ಲಾ ನಂಜ’ ಅಂದರು. ‘ಅಮ್ಮ ಭಾರ ಇರಾಕಿಲ್ಲ.’

ಅವರು ಅಂಥವರು. ಮುಂದೆ ಏನಾಯಿತೋ ಅದನ್ನು ಓದುವಾಗ ಇದನ್ನೂ ನೆನಪಿಟ್ಟುಕೊಳ್ಳಿ.

ಕೆಲಸದ ಬಗೆ ಬದಲಾಗುತ್ತಾ ಹೋಯಿತು. ಹಳೇ ಕಾರುಗಳ ನೆತ್ತಿಯ ಎರಡೂ ಅಂಚಿಗೆ ಮಳೆನೀರು ಹರಿಯಲು ಒಂದು ಗಟ್ಟಿ ತುಟಿ ಇರುತ್ತಿತ್ತು. ಕ್ಲಾಂಪು ಅದನ್ನು ಕಚ್ಚಿ ಹಿಡಿದರೆ ಮುಗಿಯಿತು. ಹೊಸ ಗಾಡಿಗಳಲ್ಲಿ ಆ ತುಟಿಯೇ ಮಾಯವಾಯಿತು. ನೆತ್ತಿ ಮೊಟ್ಟೆ ಹಾಗೆ ನುಣ್ಣಗೆ, ತಗಡು ಬೆರಳಲ್ಲಿ ಒತ್ತಿದರೆ ತಗ್ಗುವಷ್ಟು ತೆಳ್ಳಗೆ. ಕ್ಲಾಂಪಿನ ನಾಲಗೆಯನ್ನು ಬಾಗಿಲು ಕೂರುವ ಚೌಕಟ್ಟಿಗೆ ಸಿಕ್ಕಿಸಬೇಕು, ಕಾಲಿನ ಕೆಳಗೆ ರಬ್ಬರ್ ಇಡಬೇಕು, ಎರಡೂ ಕಡೆ ಸಮನಾಗಿ ಸ್ವಲ್ಪಸ್ವಲ್ಪವೇ ಬಿಗಿಯಬೇಕು. ಚಿಕ್ಕಣ್ಣನಿಗೆ ಇದೆಲ್ಲ ಹೆಣ್ಣುಮಕ್ಕಳ ಬಳೆ ತೊಡಿಸುವ ಕೆಲಸದ ಹಾಗೆ ಕಾಣುತ್ತಿತ್ತು. ಒಂದು ಕಾರಿಗೆ ನೆತ್ತಿಯನ್ನೇ ತೂತು ಕೊರೆದು ಬೋಲ್ಟ್ ಹಾಕಿಸಿ, ಮೇಣ ಮೆತ್ತಿಸಿ ಕಳಿಸಿದರು. ಮೊದಲ ಮಳೆಗೇ ಗಿರಾಕಿಯ ಅತ್ತೆಯ ನೆತ್ತಿಗೆ ನೀರು ಸೋರಿತು. ಆ ಅಜ್ಜಿ ಅದೇ ಕಾರಿನಲ್ಲಿ ಶೆಡ್ಡಿಗೆ ಬಂದು, ಕೊಡೆ ಬಿಚ್ಚಿಕೊಂಡೇ ಇಳಿದು, ನಮ್ಮನ್ನು ಬೈದ ಬೈಗುಳ ಇಲ್ಲಿ ಬರೆಯುವಂಥದ್ದಲ್ಲ. ನಾವು ನಕ್ಕೆವು. ಚಿಕ್ಕಣ್ಣ ನಗಲಿಲ್ಲ. ಆವತ್ತಿನಿಂದ ತೂತು ಕೊರೆಯುವುದು ನಿಂತಿತು.

ಶೇಖರ ನನ್ನ ಹಾಗೆ ಅಲ್ಲ. ಹೇಳಿದ್ದನ್ನು ಮಾಡುತ್ತಿದ್ದ, ಆದರೆ ಮಾಡುವ ಮುಂಚೆ ನೋಡುತ್ತಿದ್ದ. ಗಾಡಿ ಹಂಪ್ ಹತ್ತುವಾಗ ಪಕ್ಕದಲ್ಲಿ ನಡೆದುಕೊಂಡು ಹೋಗಿ ಯಾವುದು ಎಷ್ಟು ಅಲುಗುತ್ತದೆ ಎಂದು ನೋಡುವುದು ಅವನ ಚಾಳಿ. ಮದುವೆಯಾದ ಹೊಸದರಲ್ಲಿ ಸುಜಾತಾಳನ್ನು ಪೇಟೆಗೆ ಕರೆದುಕೊಂಡು ಹೋಗಿ, ಹೂವಿನ ಅಂಗಡಿ ಮುಂದೆ ಅವಳನ್ನು ನಿಲ್ಲಿಸಿ, ತಾನು ಒಂದು ಟೆಂಪೋ ಹಿಂದೆ ನಡೆದುಕೊಂಡು ಹೋಗಿದ್ದನಂತೆ. ಅವಳು ಅದನ್ನು ನಗುತ್ತಾ ಹೇಳುತ್ತಿದ್ದಳು. ಅವಳು ನಗುತ್ತಿದ್ದ ಕಾಲ ಅದು.

ಟೆಂಟಿನ ಗಾಡಿ ನಮ್ಮಲ್ಲಿಗೆ ಮೊದಲ ಸಲ ಬಂದದ್ದು ಆರು ವರ್ಷದ ಹಿಂದೆ. ವಿದ್ಯಾರಣ್ಯಪುರದ ಒಬ್ಬ ಕಾಲೇಜು ಮೇಷ್ಟ್ರು, ಮುಂದೆ ಎರಡು ಸಾಲು ಸೀಟು, ಹಿಂದೆ ತೆರೆದ ಬಾಡಿ ಇರುವ ಪಿಕಪ್ಪಿನಲ್ಲಿ ಬಂದರು. ಬಾಡಿಯೊಳಗೆ ಒಂದು ಮಡಚಿದ ಟೆಂಟು, ಮಂಚದಷ್ಟು ದೊಡ್ಡ ಪೆಟ್ಟಿಗೆ. ಗಾಡಿಯ ಮೇಲೆ ಅದನ್ನು ಕೂರಿಸಿದರೆ, ಬೇಕಾದಲ್ಲಿ ನಿಲ್ಲಿಸಿ, ಪೆಟ್ಟಿಗೆ ಬಿಚ್ಚಿ, ಏಣಿ ಹತ್ತಿ ಗಂಡಹೆಂಡತಿ ಮಲಗಬಹುದಂತೆ. ಮನೆ ಇರುವಾಗ ಗಾಡಿ ಮೇಲೆ ಯಾಕೆ ಮಲಗಬೇಕು ಎಂದು ನನ್ನ ಹೆಂಡತಿ ಲಕ್ಷ್ಮಮ್ಮ ಆವತ್ತೂ ಕೇಳಿದಳು, ಈವತ್ತೂ ಕೇಳುತ್ತಾಳೆ.

ಪೆಟ್ಟಿಗೆ ಕ್ಯಾಬಿನ್ ನೆತ್ತಿಗಿಂತ ಉದ್ದ. ಚಿಕ್ಕಣ್ಣ ಗಾಡಿಯನ್ನು ಎರಡು ಸುತ್ತು ಹಾಕಿ ತೀರ್ಮಾನ ಮಾಡಿದರು. ಒಂದು ಬಾರ್ ಕ್ಯಾಬಿನ್ ನೆತ್ತಿಗೆ, ಎರಡು ಬಾರ್ ಹಿಂದಿನ ಬಾಡಿಯಿಂದ ಕಂಬ ಎತ್ತಿ ಅದರ ಮೇಲಕ್ಕೆ, ಮೂರನ್ನೂ ಸೇರಿಸಿ ಉದ್ದಕ್ಕೆ ಎರಡು ಪೈಪು. ಒಂದೇ ಕಟ್ಟು. ಲಾರಿ ಬಾಡಿ ಕಟ್ಟಿದ ಯಾರನ್ನು ಕೇಳಿದ್ದರೂ ಹಾಗೇ ಹೇಳುತ್ತಿದ್ದರು.

ಶೇಖರ ಕ್ಯಾಬಿನ್ನಿಗೂ ಬಾಡಿಗೂ ನಡುವಿನ ಸಂದಿನಲ್ಲಿ ಕೈ ಇಟ್ಟುಕೊಂಡು ನಿಂತಿದ್ದ. ಈ ಗಾಡಿಗಳಲ್ಲಿ ಅವೆರಡೂ ಬೇರೆಬೇರೆ ಪೆಟ್ಟಿಗೆಗಳು. ಕೆಳಗೆ ಚಾಸಿಯ ಮೇಲೆ ಕೂತಿರುತ್ತವೆ, ಮೇಲೆ ಒಂದಕ್ಕೊಂದು ತಾಗುವುದಿಲ್ಲ.

‘ಅಣ್ಣ, ಇವೆರಡೂ ಬೇರೆಬೇರೆ ಅಲ್ಲಾಡ್ತವೆ’ ಅಂದ. ‘ಗುಂಡಿಗೆ ಇಳಿದ್ರೆ ಕ್ಯಾಬಿನ್ ಒಂದ್ ಕಡೆ ವಾಲ್ತದೆ, ಬಾಡಿ ಇನ್ನೊಂದ್ ಕಡೆ. ಮೇಲೆ ಕಟ್ಟಾಕಿದ್ರೆ ಎಲ್ಲಿಗೋಗ್ತದೆ ಆ ತಿರುಚು?’

ಚಿಕ್ಕಣ್ಣ ನಕ್ಕರು. ‘ನಿಮ್ಮಪ್ಪ ನಾನು ಮರದಾಗೆ ಕಟ್ಟಿದ ಲಾರಿ ಇನ್ನೂ ಓಡ್ತಾವೆ. ನೀನು ಕಬ್ಬಿಣಕ್ಕೆ ಹೆದರ್ತೀಯಲ್ಲೋ. ಬಿಡಿ ಕಡ್ಡಿ ಮುರೀತದೆ ಮಗಾ.’

ಮೇಷ್ಟ್ರೂ ನಕ್ಕರು. ನನಗೂ ಚಿಕ್ಕಣ್ಣನ ಮಾತೇ ಸರಿ ಅನ್ನಿಸಿತ್ತು. ನಮಗೆ ಗೊತ್ತಿದ್ದದ್ದೇ ಅಷ್ಟು. ಕಟ್ಟು ಮುಗಿದಾಗ ನೋಡಲು ಲಕ್ಷಣವಾಗಿತ್ತು, ಕಪ್ಪು ಬಣ್ಣ ಬಳಿದು ಮಿರಮಿರ ಅನ್ನುತ್ತಿತ್ತು. ನಾನು ಜೋತುಬಿದ್ದೆ, ಶೇಖರ ಜೋತುಬಿದ್ದ, ಮೇಷ್ಟ್ರು ತಾವೂ ಒಂದು ಕೈ ನೋಡುತ್ತೇನೆಂದು ಜೋತುಬಿದ್ದರು. ಎಳ್ಳಷ್ಟೂ ಅಲುಗಲಿಲ್ಲ. ಮಕ್ಕಳೇ, ಇದೊಂದನ್ನು ತಿಳಿದುಕೊಳ್ಳಿ. ಜೋತುಬಿದ್ದರೆ ಗೊತ್ತಾಗುವುದು ಭಾರ. ತಿರುಚು ಗೊತ್ತಾಗುವುದಿಲ್ಲ. ನಿಂತ ಗಾಡಿ ಯಾವತ್ತೂ ಸತ್ಯ ಹೇಳುವುದಿಲ್ಲ.

ಶೇಖರನಿಗೆ ಮನಸ್ಸು ಒಪ್ಪಲಿಲ್ಲ. ಟಾರು ರಸ್ತೆಯಲ್ಲಿ ಏನೂ ತಿಳಿಯುವುದಿಲ್ಲ, ಹುಣಸಮಾರನಹಳ್ಳಿ ಹಿಂದೆ ಕಲ್ಲು ಸಾಗಿಸುವ ದಾರಿ ಇದೆ, ಅಲ್ಲಿ ಒಂದು ಸಲ ನಿಧಾನಕ್ಕೆ ಓಡಿಸಿ ಸಾರ್, ನಾನು ನೋಡುತ್ತೇನೆ ಎಂದು ಮೇಷ್ಟ್ರನ್ನು ಒಪ್ಪಿಸಿದ. ಟೆಂಟನ್ನು ಮೇಲೆ ಏರಿಸಿಕೊಂಡು ಅವರಿಬ್ಬರೇ ಹೋದರು. ನಡೆದದ್ದನ್ನು ಆಮೇಲೆ ಮೇಷ್ಟ್ರು ನನಗೆ ಹೇಳಿದರು. ಗಾಡಿ ನಡಿಗೆಯ ವೇಗದಲ್ಲಿ ಹೋಗುತ್ತಿತ್ತಂತೆ. ಇವನು ಪಕ್ಕದಲ್ಲಿ ನಡೆಯುತ್ತಾ, ತಲೆ ಎತ್ತಿ ಆ ಸಂದನ್ನೇ ನೋಡುತ್ತಿದ್ದನಂತೆ. ಮುಂದಿನ ಒಂದು ಚಕ್ರ ಹಳ್ಳಕ್ಕೆ ಇಳಿಯಿತು. ಕ್ಯಾಬಿನ್ ಆ ಕಡೆ ವಾಲಿತು, ಬಾಡಿ ವಾಲಲಿಲ್ಲ. ನೆತ್ತಿಯ ಕ್ಲಾಂಪು ತಗಡನ್ನೇ ಹರಿದುಕೊಂಡು ಎದ್ದಿತು. ಹಿಂದಿನ ಬೋಲ್ಟುಗಳು ಸಿಡಿದವು. ಕಟ್ಟು ಪೂರ್ತಿ, ಟೆಂಟಿನ ಸಮೇತ, ಅವನು ನಡೆಯುತ್ತಿದ್ದ ಕಡೆಗೆ ಮಗುಚಿತು.

ಮೇಷ್ಟ್ರು ಕೆಳಗಿಳಿದು ಬರುವ ಹೊತ್ತಿಗೆ ಅವನಿಗೆ ಇನ್ನೂ ಎಚ್ಚರವಿತ್ತಂತೆ. ‘ನೋಡಿದ್ರಾ ಸಾರ್, ಬೇರೆಬೇರೆ’ ಅಂದನಂತೆ. ಆಸ್ಪತ್ರೆ ತಲುಪುವಷ್ಟರಲ್ಲಿ ಮಾತು ನಿಂತಿತ್ತು. ನಾವು ಹೋಗುವಷ್ಟರಲ್ಲಿ ಎಲ್ಲವೂ ನಿಂತಿತ್ತು.

ಅವನು ಹೇಳಿದ್ದು ಸರಿಯಾಗಿತ್ತು. ಸರಿಯಾಗಿತ್ತು ಎಂದು ಗೊತ್ತಾಗಲು ಅವನ ಜೀವವೇ ಬೇಕಾಯಿತು. ಇದನ್ನು ಹೇಗೆ ಬರೆಯಬೇಕೋ ನನಗೆ ಗೊತ್ತಿಲ್ಲ. ಹೀಗೇ ಇರಲಿ.

ಕಾರ್ಯವೆಲ್ಲ ಮುಗಿದ ಮೇಲೆ ಚಿಕ್ಕಣ್ಣ ನಮ್ಮ ಮನೆಗೆ ಬಂದು ಹೊಸಿಲ ಹೊರಗೇ ಕೂತರು. ಒಳಗೆ ಬನ್ನಿ ಅಂದರೂ ಬರಲಿಲ್ಲ. ಸುಜಾತಾ ನೀರು ತಂದುಕೊಟ್ಟಳು. ಅವರು ಲೋಟ ಹಿಡಿದುಕೊಂಡೇ ಕೂತಿದ್ದರು, ಕುಡಿಯಲಿಲ್ಲ. ಕೊನೆಗೆ, ‘ನಾನು ನಗಬಾರದಾಗಿತ್ತು ತಾಯಿ’ ಅಂದರು. ಶೆಡ್ಡಿಗೆ ಬೀಗ ಬಿತ್ತು. ಈಗ ಅಲ್ಲಿ ಎಳನೀರು ಮಾರುತ್ತಾರೆ. ಚಿಕ್ಕಣ್ಣ ಹೋಗಿ ಎರಡು ವರ್ಷವಾಯಿತು. ಕೊನೆಯವರೆಗೂ ಆ ಯಾರ್ಡಿನ ಗಾದೆಯನ್ನು ಅವರು ಬಾಯಿಬಿಟ್ಟು ಹೇಳಿದ್ದನ್ನು ನಾನು ಕೇಳಲಿಲ್ಲ. ನಾನೂ ಆವತ್ತೇ ಪಾನಾ ಕೆಳಗಿಟ್ಟವನು ಮತ್ತೆ ಎತ್ತಿಕೊಳ್ಳಲಿಲ್ಲ. ನನ್ನ ನಿವೃತ್ತಿ ಅಂದರೆ ಅದೇ. ಹಾರ ಶಾಲು ಏನಿಲ್ಲ.

ಕೀರ್ತನಾ ಆಗ ಹೈಸ್ಕೂಲು. ಅಪ್ಪನ ವಿಚಾರ ಒಂದು ದಿನವೂ ಕೇಳಿದವಳಲ್ಲ. ಎಸೆಸೆಲ್ಸಿ ಆದ ಮೇಲೆ ಐ.ಟಿ.ಐ. ಫಿಟ್ಟರ್ ಕೋರ್ಸಿಗೆ ಅರ್ಜಿ ಹಾಕಿ ಬಂದು ಹೇಳಿದಳು. ಅಮ್ಮ ಮಗಳು ಮಾತು ಬಿಟ್ಟರು. ಕೋರ್ಸು ಮುಗಿಯಿತು, ಹುಣಸಮಾರನಹಳ್ಳಿ ಬಳಿ ಗಾಡಿಗಳಿಗೆ ಬಾರ್, ಟೆಂಟ್ ಹಾಕುವ ಒಂದು ದೊಡ್ಡ ಅಂಗಡಿಯಲ್ಲಿ ಕೆಲಸವೂ ಸಿಕ್ಕಿತು. ಬೇರೆ ಎಷ್ಟೋ ಕೆಲಸ ಇದ್ದಾವಲ್ಲ ಕಂದ ಎಂದು ನಾನೇ ಕೇಳಿದೆ. ಅದಕ್ಕೆ ಅವಳು ಹೇಳಿದ್ದು ಇಷ್ಟೇ. ‘ಅಪ್ಪ ಕೇಳಿದ್ ಪ್ರಶ್ನೆಗೆ ಆವತ್ತು ಯಾರೂ ಉತ್ತರ ಕೊಡ್ಲಿಲ್ಲ ತಾತ. ನಂಗೆ ಗೊತ್ತು ಉತ್ತರ.’

ಇವತ್ತು ಅದನ್ನು ನೋಡಿದೆ. ಬಾರ್‌ಗಳೆಲ್ಲ ಹಿಂದಿನ ಬಾಡಿಯ ಮೇಲೆ, ಗಟ್ಟಿ ಕಂಬಗಳ ಮೇಲೆ ಕೂತಿದ್ದವು. ಕ್ಯಾಬಿನ್ನಿಗೆ ಒಂದು ಮೊಳೆಯೂ ಇಲ್ಲ. ಟೆಂಟಿನ ಮೂತಿ ಕ್ಯಾಬಿನ್ ಮೇಲೆ ಚಾಚಿದರೂ ಅದಕ್ಕೆ ತಾಗದಂತೆ ನಡುವೆ ಕೈ ತೂರುವಷ್ಟು ಜಾಗ ಬಿಟ್ಟಿದ್ದಳು. ಬಿಗಿದು ಮುಗಿಸಿ, ಯಾರೂ ಜೋತುಬೀಳಲಿಲ್ಲ. ಗಾಡಿಯ ಮುಂದಿನ ಒಂದು ಚಕ್ರವನ್ನು ಮರದ ದಿಮ್ಮಿ ಮೇಲೆ ಹತ್ತಿಸಿ, ಎದುರಿನ ಮೂಲೆಯ ಹಿಂಚಕ್ರವನ್ನು ಇನ್ನೊಂದು ದಿಮ್ಮಿ ಮೇಲೆ ಹತ್ತಿಸಿ, ಎಂಜಿನ್ ನಿಲ್ಲಿಸಿ, ಕ್ಯಾಬಿನ್ನಿಗೂ ಬಾಡಿಗೂ ನಡುವಿನ ಆ ಸಂದು ಎಲ್ಲಿ ಕಿರಿದಾಯಿತು, ಎಲ್ಲಿ ಅಗಲವಾಯಿತು ಎಂದು ನೋಡಿದಳು. ಪುನಃ ಇಳಿಸಿ ಒಂದೊಂದೇ ನಟ್ಟನ್ನು ಮುಟ್ಟಿದಳು. ಆಮೇಲೆ ಗಾಡಿ ಕಲ್ಲುದಾರಿಗೆ ಹೋಯಿತು.

ಸುಜಾತಾ ಆ ದಾರಿಗೆ ಕಾಲಿಟ್ಟದ್ದು ಇದೇ ಮೊದಲು. ಹಳ್ಳ ಎಲ್ಲಿ ಎಂದು ನನ್ನನ್ನು ಕೇಳಿದಳು. ಈಗ ಅಲ್ಲಿ ಅರ್ಧಕ್ಕೆ ಮಣ್ಣು ತುಂಬಿದ್ದಾರೆ, ಇನ್ನರ್ಧ ಹಾಗೇ ಇದೆ. ತೋರಿಸಿದೆ. ಅಂಗಡಿಯ ಡ್ರೈವರು ಗಾಡಿಯನ್ನು ಅದಕ್ಕೆ ಇಳಿಸಿದ. ಕೀರ್ತನಾ ದೂರದಲ್ಲಿ ಒಂದು ಬಂಡೆಯ ಮೇಲೆ ನಿಂತಿದ್ದಳು. ಕ್ಯಾಬಿನ್ ವಾಲಿತು, ಬಾಡಿ ತನ್ನ ಪಾಡಿಗೆ ತಾನು ಇತ್ತು, ಟೆಂಟು ಬಾಡಿಯ ಜೊತೆಗೇ ಇತ್ತು. ಸುಜಾತಾ ಗಾಡಿಯನ್ನು ನೋಡುತ್ತಿರಲಿಲ್ಲ, ಆ ಕಡೆ ಬಂಡೆ ಮೇಲೆ ನಿಂತಿದ್ದ ಮಗಳನ್ನು ನೋಡುತ್ತಿದ್ದಳು. ಗಾಡಿ ಹಳ್ಳದಿಂದ ಮೇಲೆ ಹತ್ತಿ ಈಚೆ ಬಂದ ಕೂಡಲೇ ತಿರುಗಿ ಹೊರಟುಬಿಟ್ಟಳು. ಹಿಂದೆ ಹೋಗಿ ಕರೆಯಲು ನನಗೆ ಧೈರ್ಯವಾಗಲಿಲ್ಲ.

ಇಷ್ಟು ಬರೆಯುವಾಗ ಲಕ್ಷ್ಮಮ್ಮ ಬಂದು ದೀಪ ಹಚ್ಚುವ ಹೊತ್ತಾಯಿತು, ಏಳಿ ಅಂದಳು. ಮಿಕ್ಕದ್ದನ್ನು ಊಟ ಮುಗಿಸಿ ಬಂದು ಬರೆಯುತ್ತಿದ್ದೇನೆ.

ದೀಪ ಹಚ್ಚಿ ಎದ್ದಾಗ ಮೆಟ್ಟಿಲ ಮೇಲೆ ಹೆಜ್ಜೆ ಸಪ್ಪಳವಾಯಿತು. ಸುಜಾತಾ ಸೆರಗಿನಲ್ಲಿ ಹಿಡಿದುಕೊಂಡು ಒಂದು ದೊಡ್ಡ ಪಾತ್ರೆ ತಂದು ನಮ್ಮ ಅಡುಗೆಮನೆಯಲ್ಲಿ ಇಳಿಸಿದಳು. ಹಿದುಕಿದ ಬೇಳೆ ಸಾರು. ವಾಸನೆ ಮನೆ ತುಂಬಿತು. ಮತ್ತೆ ಮೇಲೆ ಹೋಗಿ ರಾಗಿ ಹಿಟ್ಟಿನ ಡಬ್ಬಿಯನ್ನೂ ಮುದ್ದೆ ಕೋಲನ್ನೂ ತಂದಳು. ಅತ್ತೆಯ ಕೈಯಿಂದ ಸೌಟು ಇಸಿದುಕೊಂಡು, ‘ನೀವು ಕೂತ್ಕೊಳಿ ಅತ್ತೆ, ನಾನ್ ತಿರುವ್ತೀನಿ’ ಅಂದಳು. ಲಕ್ಷ್ಮಮ್ಮ ನನ್ನ ಮುಖ ನೋಡಿದಳು, ನಾನು ಅವಳ ಮುಖ ನೋಡಿದೆ.

ಕೀರ್ತನಾ ಕೈಕಾಲು ತೊಳೆದು ಬಂದಳು. ಉಗುರು ಸಂದಿಯಲ್ಲಿ ಗ್ರೀಸ್ ಇನ್ನೂ ಇತ್ತು. ಅವಳಪ್ಪನದೂ ಎಷ್ಟು ಉಜ್ಜಿದರೂ ಹೋಗುತ್ತಿರಲಿಲ್ಲ. ಸುಜಾತಾ ಆ ಬೆರಳುಗಳನ್ನು ನೋಡಿದಳು, ತಟ್ಟೆಗೆ ಮುದ್ದೆ ಹಾಕಿದಳು, ಸಾರು ಬಿಟ್ಟಳು. ಗಾಡಿಯ ಮಾತು ನನ್ನಿಂದ ಬರಬಾರದು ಎಂದು ನಾಲಗೆ ಕಚ್ಚಿಕೊಂಡಿದ್ದೆ.

ಸುಜಾತಾಳೇ ಆ ಮಾತು ತೆಗೆದಳು. ‘ಆ ದಿಮ್ಮಿ ಮೇಲೆ ಹತ್ತಿಸಿ ನೋಡಿದ್ಯಲ್ಲ, ಅದನ್ನ ದಿನಾ ಮಾಡ್ತೀಯಾ, ಇಲ್ಲ ನಾನ್ ಬಂದಿದೀನಿ ಅಂತ ಮಾಡಿದ್ಯಾ?’

‘ಪ್ರತಿ ಗಾಡಿಗೂ ಮಾಡ್ಬೇಕು ಅಮ್ಮ. ರೂಲ್ಸ್ ಅದು.’

‘ರೂಲ್ಸ್ ಯಾರದು?’

ಕೀರ್ತನಾ ಬಾಯಲ್ಲಿದ್ದ ತುತ್ತು ನುಂಗಿದಳು. ಆಮೇಲೆ ಹೇಳಿದಳು, ‘ನಂದು.’

ಸುಜಾತಾ ತನ್ನ ತಟ್ಟೆ ಹಾಕಿಕೊಂಡು ನಮ್ಮ ಸಾಲಿನಲ್ಲೇ ಕೂತಳು. ಮುದ್ದೆ ಮುರಿದು ಸಾರಿಗೆ ಅದ್ದಿದಳು. ‘ಸೋಮವಾರ ಡಬ್ಬಿ ಕಟ್ಕೊಡ್ತೀನಿ, ಹೊರಗಡೆ ತಿನ್ಬೇಡ’ ಅಂದಳು. ‘ಗಾಡಿ ಓಡುವಾಗ ಪಕ್ಕದಲ್ಲಿ ನಡೆದಿದ್ದು ಏನಾದ್ರೂ ಗೊತ್ತಾದ್ರೆ ಮಾತ್ರ, ಕಾಲ್ ಮುರ್ದು ಮನೇಲಿ ಕೂರಿಸ್ತೀನಿ.’

‘ಬಂಡೆ ಮೇಲೇ ನಿಂತಿದ್ನಲ್ಲ.’

‘ನೋಡ್ದೆ.’

ಆರು ವರ್ಷದ ಮೇಲೆ ನಾಲ್ಕು ತಟ್ಟೆ ಒಂದೇ ಸಾಲಿನಲ್ಲಿತ್ತು. ಲಕ್ಷ್ಮಮ್ಮ ಅಳುತ್ತಾ ಉಣ್ಣುತ್ತಿದ್ದಳು. ಸಾರು ಖಾರ ಅಂದಳು, ಖಾರ ಇರಲಿಲ್ಲ. ನಾನು ಎರಡನೇ ಮುದ್ದೆಗೆ ತಟ್ಟೆ ಚಾಚಿದೆ. ಸುಜಾತಾ ಹಾಕಿದಳು. ‘ಆ ಹಿಂದಿನ ಕಂಬ ಎಷ್ಟ್ ದಪ್ಪ ಇತ್ತು ಮಾವ, ನೀವ್ ನೋಡಿದ್ರಾ?’ ಎಂದು ಕೇಳಿದಳು. ನಾನು ಕೈಯಲ್ಲಿದ್ದ ತುತ್ತನ್ನು ಕೆಳಗಿಟ್ಟು, ಹೇಳತೊಡಗಿದೆ. ಅವಳು ಉಣ್ಣುತ್ತಾ ಕೇಳುತ್ತಿದ್ದಳು.